ಹಿತ್ತಲಲ್ಲಿ ಆಟ, ಪಕ್ಕದ ಮನೆಗೆ ಬಾಲು: ಜಗಳವಾಗದಂತೆ ನೋಡಿಕೊಳ್ಳುವ ಬಗೆ

ಬಾಲು ಪಕ್ಕದ ಮನೆಗೆ ಬಿತ್ತು ಅನ್ನುವ ಒಂದೇ ಕಾರಣಕ್ಕೆ ಜಗಳವಾಗುವುದು ಕಡಿಮೆ. ಅದನ್ನು ತರಲು ಹುಡುಗ ಹೇಳದೆ ಕೇಳದೆ ಕಾಂಪೌಂಡ್ ಹಾರುತ್ತಾನೆ, ಗೇಟು ದಡದಡ ಬಡಿದು ಮಧ್ಯಾಹ್ನದ ನಿದ್ದೆ ಕೆಡಿಸುತ್ತಾನೆ, ಒಣಗಲು ಹರವಿದ ಸಂಡಿಗೆಯ ಮೇಲೆ ಕಾಲಿಡುತ್ತಾನೆ. ಮಾತು ಏರುವುದು ಅಲ್ಲಿ. ಹಾಗಾಗಿ ಬಾಲು ದಾಟದಂತೆ ಮಾಡುವುದು ಅರ್ಧ ಕೆಲಸ. ದಾಟಿದ ಬಾಲು ಹೇಗೆ ವಾಪಸ್ಸು ಬರಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಂಡಿರುವುದು ಉಳಿದರ್ಧ. ಹೆಚ್ಚಿನ ಮನೆಗಳಲ್ಲಿ ಎರಡನೆಯದನ್ನು ಮರೆತು ನೇರವಾಗಿ ಬಲೆ ಕಟ್ಟಿಸಲು ಓಡುತ್ತಾರೆ. ಬಲೆ ಕೊನೆಯ ಕೆಲಸ, ದುಡ್ಡಿನ ಕೆಲಸ. ಅದಕ್ಕೂ ಮೊದಲು ಕಾಸು ಖರ್ಚಿಲ್ಲದೆ ಮಾಡಬಹುದಾದ್ದು ಬೇಕಾದಷ್ಟಿದೆ.

ಮೊದಲು ಜಾಗ ನೋಡಿಕೊಳ್ಳಿ. ಮೈಸೂರಿನ ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಯಾದವಗಿರಿಯ ಹಳೆಯ ಮನೆಗಳಲ್ಲಿ, ಮಂಡ್ಯದ ಹಳೆಯ ಬಡಾವಣೆಗಳಲ್ಲಿ, 40×60 ಅಥವಾ 50×80 ಸೈಟು ಇದ್ದವರಿಗೆ ಹಿಂದೆ ಹನ್ನೆರಡು ಹದಿನೈದು ಅಡಿ ಹಿತ್ತಲು ಉಳಿದಿರುತ್ತದೆ. ಅಲ್ಲಿ ಬ್ಯಾಟು ಬೀಸಬಹುದು. 30×40 ಸೈಟನ್ನು ತುಂಬಾ ಕಟ್ಟಿ ಹಿಂದೆ ಮೂರು ನಾಲ್ಕು ಅಡಿ ಬಿಟ್ಟಿದ್ದರೆ ಅದು ಆಟದ ಜಾಗವಲ್ಲ. ಅಲ್ಲಿಗೆ ಮುಂದೆ ಹೇಳುವ ಕಾಲುಚೀಲದ ಬಾಲು ಮಾತ್ರ ಸರಿ.

ಯಾವ ಕಡೆಗೆ ಮುಖ ಮಾಡಿ ಆಡಬೇಕು

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಬದಲಾವಣೆ ಇದೇ. ಆದರೆ ಬಹಳ ಜನ ಇದನ್ನು ಯೋಚಿಸುವುದೇ ಇಲ್ಲ. ಬಲಗೈ ಆಟಗಾರ, ಅದರಲ್ಲೂ ಚಿಕ್ಕ ಹುಡುಗರು, ಬೀಸಿ ಹೊಡೆದ ಬಾಲು ಲೆಗ್ ಸೈಡಿಗೆ ಹೋಗುವುದು ಜಾಸ್ತಿ. ಬ್ಯಾಟು ಹಿಡಿದು ಬೌಲರ್ ಕಡೆ ನೋಡಿದರೆ ಅದು ಅವನ ಎಡಗಡೆ. ಆದ್ದರಿಂದ ಹಿತ್ತಲಿನ ಉದ್ದಕ್ಕೆ ಪಿಚ್ ಮಾಡಿ, ಬ್ಯಾಟು ಹಿಡಿದವನ ಎಡಕ್ಕೆ ನಿಮ್ಮದೇ ಮನೆಯ ಗೋಡೆ ಬರುವಂತೆ ವಿಕೆಟ್ ಇಡಿ. ಹಿಂದಿನ ಮನೆಯವರ ಕಾಂಪೌಂಡ್ ಅವನ ಬಲಕ್ಕೆ ಬೀಳುತ್ತದೆ. ಎಡಗೈ ಆಟಗಾರ ಬಂದಾಗ ವಿಕೆಟನ್ನು ಆ ತುದಿಯಿಂದ ಈ ತುದಿಗೆ ಎತ್ತಿಡಿ, ಒಂದು ನಿಮಿಷದ ಕೆಲಸ. ಬೌಲರ್ ಹಿಂದೆ ನೇರಕ್ಕೆ ಯಾರ ಮನೆ ಬರುತ್ತದೆ ಅನ್ನುವುದನ್ನೂ ಗಮನಿಸಿ. ಎರಡು ಪಕ್ಕಗಳಲ್ಲಿ ಒಂದು ಕಡೆ ಖಾಲಿ ಸೈಟೋ ರಸ್ತೆಯೋ ಇದ್ದರೆ ಬಾಲು ನೇರವಾಗಿ ಅತ್ತ ಹೋಗಲಿ. ಗಾಜಿನ ಕಿಟಕಿ, ಸೋಲಾರ್, ಹೂಕುಂಡಗಳ ಸಾಲು ಇರುವ ಮನೆ ವಿಕೆಟ್‌ನ ಹಿಂದಿರಲಿ.

ನಿಮ್ಮ ಕಿಟಕಿಗೇ ಬಾಲು ಬೀಳುತ್ತದಲ್ಲ ಅಂದರೆ, ಹೌದು, ಬೀಳಬೇಕಾದ್ದು ಅಲ್ಲೇ. ಗ್ರಿಲ್‌ಗೆ ಹೊರಗಡೆಯಿಂದ ಅರ್ಧ ಇಂಚಿನ ವೆಲ್ಡ್ ಮೆಶ್ ಕಟ್ಟಿಬಿಡಿ, ಗಾಜು ಉಳಿಯುತ್ತದೆ.

ಕಬ್ಬಿಣದ ಗೇಟನ್ನು ಯಾವ ಕಾರಣಕ್ಕೂ ವಿಕೆಟ್ ಮಾಡಬೇಡಿ. ಪ್ರತಿ ಬಾಲಿಗೂ ಅದು ಗಂಟೆ ಹೊಡೆದಂತೆ ಸದ್ದು ಮಾಡುತ್ತದೆ, ಬೀದಿಗೆಲ್ಲ ಕೇಳಿಸುತ್ತದೆ. ತರಕಾರಿಯ ಪ್ಲಾಸ್ಟಿಕ್ ಕ್ರೇಟನ್ನು ನಿಲ್ಲಿಸಿ ಅದಕ್ಕೊಂದು ಗೋಣಿಚೀಲ ಹೊದಿಸಿ. ಕಾಂಪೌಂಡ್ ಗೋಡೆಗೆ ಬಾಲು ಬಡಿದು ಬಡಿದು ಆಡುವ ಅಭ್ಯಾಸವಿದ್ದರೂ ಇದೇ ತೊಂದರೆ: ನಾಲ್ಕಿಂಚಿನ ಟೊಳ್ಳು ಬ್ಲಾಕಿನ ಗೋಡೆಯಾದರೆ ಆ ಕಡೆ ಮಲಗಿರುವವರ ತಲೆಗೇ ಬಡಿದಂತಾಗುತ್ತದೆ. ತೆಂಗಿನ ನಾರಿನ ದಪ್ಪ ಚಾಪೆಯನ್ನು ಗೋಡೆಯಿಂದ ಅರ್ಧ ಅಡಿ ಈಚೆಗೆ ತೂಗುಹಾಕಿದರೆ ಬಾಲಿನ ಹೊಡೆತವನ್ನು ಅದು ನುಂಗುತ್ತದೆ. ಗೋಡೆಗೆ ತಾಗಿಸಿ ಮೊಳೆ ಹೊಡೆದರೆ ಪ್ರಯೋಜನವಿಲ್ಲ, ನಡುವೆ ಗಾಳಿ ಇರಬೇಕು.

ಯಾವ ಬಾಲು

ಟೆನಿಸ್ ಬಾಲು 56ರಿಂದ 59 ಗ್ರಾಂ ತೂಗುತ್ತದೆ. ಲೆದರ್ ಬಾಲು 156ರಿಂದ 163 ಗ್ರಾಂ, ಹತ್ತಿರಹತ್ತಿರ ಮೂರರಷ್ಟು. ಅಷ್ಟೇ ವೇಗದಲ್ಲಿ ಬಂದರೆ ಹೊಡೆತವೂ ಮೂರರಷ್ಟು, ಮೇಲಾಗಿ ಲೆದರ್ ಬಾಲು ಟೆನಿಸ್ ಬಾಲಿನಂತೆ ಒತ್ತಿಕೊಳ್ಳುವುದಿಲ್ಲ. ಕಾರ್ಕ್ ಬಾಲು, ಲೆದರ್ ಬಾಲು ಹಿತ್ತಲಿಗೆ ಬೇಡವೇ ಬೇಡ. ‘ಹೆವಿ’ ಅಂತ ಮಾರುವ ಗಟ್ಟಿ ಟೆನಿಸ್ ಬಾಲು, ಇನ್ಸುಲೇಷನ್ ಟೇಪ್ ಸುತ್ತಿದ ಬಾಲು ಕೂಡ ಬೇಡ. ಟೇಪು ಸುತ್ತಿದ ಮೇಲೆ ಬಾಲು ತೂಕವಾಗುತ್ತದೆ, ರೋಮ ಮುಚ್ಚಿಹೋಗಿ ಗಾಳಿ ಸೀಳಿಕೊಂಡು ದೂರ ಹೋಗುತ್ತದೆ. ಹತ್ತು ವರ್ಷದೊಳಗಿನವರಿಗೆ ಸ್ಪಂಜ್ ಬಾಲು ಸಾಕು. ಉಳಿದವರಿಗೆ ರೋಮ ಸವೆದ ಹಳೆಯ ಮೆತ್ತನೆಯ ಟೆನಿಸ್ ಬಾಲು, ಹೊಸದಕ್ಕಿಂತ ಕಡಿಮೆ ಪುಟಿಯುತ್ತದೆ. ಮಳೆಗಾಲದಲ್ಲಿ ಒದ್ದೆ ಬಾಲಿನಲ್ಲಿ ಆಡಿಸಬೇಡಿ. ಅದು ಕೆಂಪು ಮಣ್ಣು ಹೀರಿಕೊಂಡು ಪಕ್ಕದ ಮನೆಯ ಸುಣ್ಣದ ಗೋಡೆಯ ಮೇಲೆ, ತಂತಿಯ ಮೇಲಿನ ಬಿಳಿ ಪಂಚೆಯ ಮೇಲೆ ಗುಂಡನೆ ಕಲೆ ಬಿಡುತ್ತದೆ. ಗಾಜು ಒಡೆದದ್ದಕ್ಕಿಂತ ಆ ಕಲೆಗೆ ಜಾಸ್ತಿ ಬೈಗುಳ ಬೀಳುತ್ತದೆ.

ಫುಟ್‌ಬಾಲ್ ಆದರೆ 5ನೇ ಸೈಜಿನದು 410ರಿಂದ 450 ಗ್ರಾಂ. ಹಿತ್ತಲಿಗೆ 3ನೇ ಸೈಜು ತಂದು ಗಾಳಿ ಸ್ವಲ್ಪ ಕಡಿಮೆ ಹೊಡೆಯಿರಿ. ಬ್ಯಾಸ್ಕೆಟ್‌ಬಾಲ್ ರಿಂಗನ್ನು ಇಬ್ಬರಿಗೂ ಸೇರಿದ ಗೋಡೆಗೆ ಹಾಕಬೇಡಿ. ಸಿಮೆಂಟ್ ನೆಲದ ಮೇಲೆ ಅದರ ಧಡ್ ಧಡ್ ಸದ್ದು ಕ್ರಿಕೆಟ್‌ಗಿಂತ ಕೆಟ್ಟದ್ದು. ಶಟಲ್ ಕಾಕ್ ಐದು ಗ್ರಾಂ, ಅದರಿಂದ ಪಕ್ಕದ ಮನೆಯ ಯಾವುದೂ ಒಡೆಯದು.

ಒಬ್ಬನೇ ಹುಡುಗ ಗಂಟೆಗಟ್ಟಲೆ ಬ್ಯಾಟು ಬೀಸುತ್ತಾನಾದರೆ ಕಾಲುಚೀಲದ ಬಾಲು ಕಟ್ಟಿಕೊಡಿ. ಹಳೆಯ ಉದ್ದ ಕಾಲುಚೀಲದೊಳಗೆ ಟೆನಿಸ್ ಬಾಲು ಹಾಕಿ, ಮೇಲೆ ಬಿಗಿಯಾಗಿ ಗಂಟು ಹಾಕಿ, ಆ ಗಂಟಿನ ಮೇಲೆ ಹಗ್ಗ ಕಟ್ಟಿ. ಮಾವಿನ ಮರದ ಮುಂಗೈ ದಪ್ಪದ ಕೊಂಬೆಯಿಂದ ಏಳೆಂಟು ಅಡಿ ಹಗ್ಗ ಇಳಿಬಿಟ್ಟು ಬಾಲು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ನಿಲ್ಲುವಂತೆ ಮಾಡಿ. ನೈಲಾನ್ ಹಗ್ಗ ತೊಗಟೆ ಕೊಯ್ಯುತ್ತದೆ, ಕೊಂಬೆಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ಅದರ ಮೇಲೆ ಕಟ್ಟಿ. ಹಗ್ಗ ಕೊಂಬೆಯ ಹತ್ತಿರ ಸವೆಯುತ್ತದೆ, ವಾರಕ್ಕೊಮ್ಮೆ ಮುಟ್ಟಿ ನೋಡಿ.

ಆಟದ ಕಟ್ಟುಪಾಡು, ಆಟದ ಹೊತ್ತು

‘ಕಾಂಪೌಂಡ್ ದಾಟಿದರೆ ಔಟ್’ ಅನ್ನುವ ನಿಯಮ ಗಲ್ಲಿ ಕ್ರಿಕೆಟ್ಟಿನಷ್ಟೇ ಹಳೆಯದು, ಅದಕ್ಕಿಂತ ಒಳ್ಳೆಯ ನಿಯಮ ಇನ್ನೂ ಬಂದಿಲ್ಲ. ಇದಕ್ಕೆ ಎರಡು ಸೇರಿಸಿ. ಒಂದು, ಬೌಲಿಂಗ್ ಅಂಡರ್ ಆರ್ಮ್ ಮಾತ್ರ. ಎರಡು, ಬಾಲು ದಾಟಿದರೆ ಹೊಡೆದವನು ಔಟಾಗುವುದಷ್ಟೇ ಅಲ್ಲ, ಅವತ್ತು ಅವನಿಗೆ ಮತ್ತೆ ಬ್ಯಾಟಿಂಗ್ ಇಲ್ಲ. ಬರೀ ಔಟ್ ಅಂದರೆ ಕೊನೆಯ ಬಾಲಿಗೆ ಬೀಸಿಬಿಡುತ್ತಾರೆ. ಹನ್ನೆರಡು ಹದಿಮೂರು ದಾಟಿದ ಹುಡುಗರ ತೋಳಿನ ಬಲಕ್ಕೆ ಹಿತ್ತಲು ಸಾಲದು, ಅವರು ಮೈದಾನಕ್ಕೇ ಹೋಗಬೇಕು.

ಹೊತ್ತಿನ ವಿಷಯ ಪಕ್ಕದ ಮನೆಯವರನ್ನೇ ಕೇಳಿ ಗೊತ್ತುಮಾಡಿ. ಸಾಮಾನ್ಯವಾಗಿ ಸಂಜೆ ನಾಲ್ಕೂವರೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಯಾರದೂ ತಕರಾರಿರುವುದಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಬೇಡ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಮುಂಚೆ ಬೇಡ. ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳು ಅಕ್ಕಪಕ್ಕ ಇದ್ದರೆ ಪರೀಕ್ಷೆ ಮುಗಿಯುವವರೆಗೆ ದಿನಕ್ಕೆ ಅರ್ಧ ಗಂಟೆ ಸಾಕು. ಬೇಸಿಗೆ ರಜದಲ್ಲೇ ಹಪ್ಪಳ, ಸಂಡಿಗೆ ಒಣಗಿಸುವ ಕಾಲ. ಅವರು ತಾರಸಿಯ ಮೇಲೆ ಹರವುವ ದಿನ ತಿಳಿಸಲು ಹೇಳಿ, ಆ ದಿನ ಬಿಸಿಲಿಳಿದು ಅವರು ಎತ್ತಿಟ್ಟ ಮೇಲೆ ಆಟ ಶುರು.

ಮೊದಲ ಮಾತು ದೊಡ್ಡವರು ದೊಡ್ಡವರ ನಡುವೆ ಆಗಬೇಕು, ಅದೂ ಏನೂ ಒಡೆಯುವುದಕ್ಕೆ ಮುಂಚೆ. “ಸಾರ್, ಹುಡುಗರು ರಜಕ್ಕೆ ಹಿತ್ತಲಲ್ಲಿ ಆಡ್ತಾರೆ. ನಿಮಗೆ ಯಾವ ಹೊತ್ತು ತೊಂದರೆ ಹೇಳಿ, ಆ ಹೊತ್ತು ಬಿಟ್ಟು ಆಡಿಸ್ತೀವಿ. ಏನಾದ್ರೂ ಒಡೆದ್ರೆ ನನಗೆ ಹೇಳಿ, ಹುಡುಗರನ್ನ ಕೇಳಬೇಡಿ.” ಇಷ್ಟು ಸಾಕು. ಕೊನೆಯ ವಾಕ್ಯ ಬಹಳ ಮುಖ್ಯ. ಮಗುವನ್ನು ಪಕ್ಕದ ಮನೆಯವರು ಗದರಿದ ಮೇಲೆ ತಾಯ್ತಂದೆಯರಿಗೆ ಬಾಲಿನ ವಿಚಾರ ಮರೆತೇಹೋಗುತ್ತದೆ.

ದಾಟಿದ ಬಾಲನ್ನು ತರುವುದು

ಮಕ್ಕಳಿಗೆ ಮೂರು ಬಾಲು ಕೊಟ್ಟಿರಿ. ಒಂದು ಹೋದರೆ ಆಟ ನಿಲ್ಲುವುದಿಲ್ಲ, ಹಾಗಾಗಿ ಅವಸರದಲ್ಲಿ ಗೋಡೆ ಹಾರುವುದಿಲ್ಲ. ಮೂರೂ ಹೋದರೆ ಅವತ್ತಿನ ಆಟ ಮುಗಿಯಿತು. ಬಾಲಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಮನೆ ನಂಬರ್ ಬರೆದಿಡಿ, ಯಾರ ಬಾಲು ಅನ್ನುವ ವಾದವೇ ಇರುವುದಿಲ್ಲ. ಪಕ್ಕದವರ ಗೇಟಿನ ಒಳಗೆ ಒಂದು ಬುಟ್ಟಿ ನೇತುಹಾಕಲು ಕೇಳಿಕೊಳ್ಳಿ. ಬಿದ್ದ ಬಾಲನ್ನು ಅವರು ಪುರುಸೊತ್ತಾದಾಗ ಅದರಲ್ಲಿ ಹಾಕಲಿ, ಹುಡುಗ ಸಂಜೆ ಒಂದೇ ಸಲ ಹೋಗಿ ತರಲಿ. ತುರ್ತಿಗೆ ಹೋಗಲೇಬೇಕಾದರೆ ಮುಂದಿನ ಬಾಗಿಲಿಗೆ ಹೋಗಿ ಕರೆಗಂಟೆ ಒಂದು ಸಲ ಒತ್ತಿ, “ಆಂಟಿ, ಬಾಲು ನಿಮ್ಮ ಹಿತ್ತಲಿಗೆ ಬಂದ್ಬಿಡ್ತು, ನಾನೇ ಬಂದು ತಗೊಳ್ಳಲಾ?” ಅಂತ ಕೇಳಿ, ಹೂಂ ಅಂದ ಮೇಲೆ ಒಳಗೆ ಕಾಲಿಡಬೇಕು. ಉತ್ತರ ಬರದಿದ್ದರೆ ವಾಪಸ್ಸು.

ಇದು ಬರೀ ಮರ್ಯಾದೆಯ ಮಾತಲ್ಲ, ಜೀವದ ಮಾತು. ಸಿಮೆಂಟ್ ಶೀಟಿನ ಮೇಲೆ ಹತ್ತಿದ ಹುಡುಗನ ಭಾರಕ್ಕೆ ಶೀಟು ಮುರಿದು ಕೆಳಗೆ ಬೀಳುತ್ತಾನೆ. ಹಿತ್ತಲಿನ ನೀರಿನ ಸಂಪಿನ ಮುಚ್ಚಳ ತುಕ್ಕು ಹಿಡಿದಿದ್ದರೆ ಕಾಲಿಟ್ಟೊಡನೆ ಕುಸಿಯುತ್ತದೆ. ಕಾಂಪೌಂಡ್ ಮೇಲೆ ಗಾಜಿನ ಚೂರು, ಒಳಗೆ ನಾಯಿ. ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಹಾಯುವ ಕನ್ಸರ್ವೆನ್ಸಿ ಓಣಿಯಲ್ಲಿ ಕಸ, ಮುಳ್ಳು, ಹಾವು. ಶೀಟಿನ ಮೇಲೆ ನಿಂತ ಬಾಲಿಗೆ ಮಾವಿನಕಾಯಿ ಕೀಳುವ ದೋಟಿಯೇ ತಕ್ಕ ಸಾಧನ. ಒಣ ಬಿದಿರಿನದೇ ಇರಲಿ, ಅಲ್ಯೂಮಿನಿಯಂ ಕಡ್ಡಿ ಬೇಡ, ವಿದ್ಯುತ್ ತಂತಿಯ ಹತ್ತಿರ ಯಾವುದೂ ಬೇಡ. ಟ್ರಾನ್ಸ್‌ಫಾರ್ಮರ್ ಬೇಲಿಯೊಳಗೆ ಬಿದ್ದ ಬಾಲು ಹೋಯಿತು ಅಂತಲೇ ತಿಳಿಯಬೇಕು.

ಬಲೆ

ಇಷ್ಟೆಲ್ಲ ಮಾಡಿದರೂ ವಾರಕ್ಕೆ ಎರಡು ಮೂರು ಸಲ ಬಾಲು ದಾಟುತ್ತಿದ್ದರೆ ಬಲೆ ಕಟ್ಟಿಸಿ. ಆದರೆ ಬಲೆ ಎಷ್ಟನ್ನು ತಡೆಯುತ್ತದೆ ಅನ್ನುವ ಲೆಕ್ಕ ತಿಳಿದಿರಲಿ. ಆಟಗಾರ ಗೋಡೆಯಿಂದ 20 ಅಡಿ ದೂರ ನಿಂತು ನೆಲದಿಂದ ಎರಡಡಿ ಎತ್ತರದಲ್ಲಿ ಬಾಲನ್ನು ಹೊಡೆದ ಅಂದುಕೊಳ್ಳಿ. ಬಲೆಯ ತುದಿ 12 ಅಡಿಯಲ್ಲಿದ್ದರೆ, 20 ಅಡಿ ಹೋಗುವಷ್ಟರಲ್ಲಿ 10 ಅಡಿ ಏರಿದ ಬಾಲು, ಅಂದರೆ ಸುಮಾರು 27 ಡಿಗ್ರಿಗಿಂತ ಮೇಲೆದ್ದ ಜೋರು ಹೊಡೆತ, ದಾಟಿಹೋಗುತ್ತದೆ. ಗೋಡೆಗೆ 10 ಅಡಿ ಹತ್ತಿರ ನಿಂತರೆ 45 ಡಿಗ್ರಿಯವರೆಗೆ ಬಲೆ ತಡೆಯುತ್ತದೆ. ಎತ್ತಿ ಹೊಡೆದ ಬಾಲನ್ನು ಪಕ್ಕದ ಬಲೆ ನಿಲ್ಲಿಸದು. ಅದಕ್ಕೆ ಔಟ್ ನಿಯಮವೇ ಬೇಕು, ಇಲ್ಲವೇ ಮೇಲೂ ಬಲೆ ಬೇಕು.

30 ಅಡಿ ಉದ್ದಕ್ಕೆ 10 ಅಡಿಗೊಂದರಂತೆ ನಾಲ್ಕು ಕಂಬ. ಒಂದೂವರೆ ಇಂಚಿನ ಜಿಐ ಪೈಪು, ಮೇಲೆ 12 ಅಡಿ, ನೆಲದೊಳಗೆ ಎರಡಡಿ. ಪೈಪು 20 ಅಡಿ ಉದ್ದ ಬರುತ್ತದೆ, ಕಂಬಕ್ಕೆ 14 ಅಡಿ ಕತ್ತರಿಸಿ ಉಳಿದ ಆರಡಿ ತುಂಡನ್ನು ಎರಡು ತುದಿಯ ಕಂಬಗಳಿಗೆ ಓರೆ ಆಸರೆ ಕೊಡಲು ಬಳಸಿ. ಬಲೆಯ ಎಳೆತವೆಲ್ಲ ತುದಿಯ ಕಂಬಗಳ ಮೇಲೆ, ಆಸರೆ ಇಲ್ಲದಿದ್ದರೆ ಅವು ಒಳಕ್ಕೆ ಬಾಗುತ್ತವೆ. ಗುಂಡಿ ಒಂದಡಿ ಚೌಕ, ಎರಡಡಿ ಆಳ. ಅಗೆಯುವ ಮುಂಚೆ ಯುಜಿಡಿ (ಒಳಚರಂಡಿ) ಪೈಪು ಎಲ್ಲಿ ಹಾದಿದೆ ನೋಡಿಕೊಳ್ಳಿ, ಹಿತ್ತಲಲ್ಲೇ ಇರುವುದು ಹೆಚ್ಚು. ಕಾಂಕ್ರೀಟು ಒಂದು ಪಾಲು ಸಿಮೆಂಟ್, ಎರಡು ಪಾಲು ಎಂ-ಸ್ಯಾಂಡ್, ನಾಲ್ಕು ಪಾಲು 20 ಎಂಎಂ ಜೆಲ್ಲಿ. ನಾಲ್ಕು ಗುಂಡಿಗೆ ಒಂದೂವರೆ ಮೂಟೆ ಸಿಮೆಂಟ್ ಹಿಡಿಯುತ್ತದೆ. ಏಳು ದಿನ ನೀರುಣಿಸಿ, ಅಲ್ಲಿಯವರೆಗೆ ಬಲೆ ಎಳೆಯಬೇಡಿ.

ಕಂಬಗಳು ಕಾಂಪೌಂಡಿನಿಂದ ಒಂದೂವರೆ ಅಡಿ ನಿಮ್ಮ ಕಡೆಗಿರಲಿ. ಗೋಡೆಗೇ ಕ್ಲಾಂಪ್ ಹಾಕುವುದು ಅಗ್ಗ, ಆದರೆ ಗಾಳಿಗೆ ಕಂಬ ಅಲ್ಲಾಡಿ ಗೋಡೆ ಸೀಳುತ್ತದೆ. ಗೋಡೆ ಇಬ್ಬರದೂ ಆಗಿದ್ದರೆ ಅದೇ ಹೊಸ ಜಗಳ. ಬಾಲು ಬಡಿದಾಗ ಬಲೆ ಹೊರಕ್ಕೆ ಉಬ್ಬುತ್ತದೆ, ಆ ಉಬ್ಬಿಗೂ ಜಾಗ ಬೇಕು. ಮನೆ ಪಕ್ಕ ಹಾದುಹೋಗುವ ಎಲ್‌ಟಿ (ಕಡಿಮೆ ವೋಲ್ಟೇಜಿನ) ವಿದ್ಯುತ್ ತಂತಿಯಿಂದ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ಅಂತರ ನಿಯಮದಲ್ಲೇ ಇದೆ. ಆದರೆ ಕಂಬ ಎತ್ತುವಾಗ ಪೈಪು ವಾಲಿದರೆ 14 ಅಡಿಯೂ ವಾಲುತ್ತದೆ. ತಂತಿ ಹತ್ತಿರವಿದ್ದರೆ ಮೊದಲು ವಿದ್ಯುತ್ ಕಂಪನಿ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿ ಲೈನ್‌ಮನ್ ಕರೆಸಿ ತೋರಿಸಿ.

ಬಲೆ ನೈಲಾನ್ ಅಥವಾ ಎಚ್‌ಡಿಪಿಇ, ಬಿಸಿಲು ತಡೆಯುವ ಯುವಿ ಗುಣದ್ದು. ಟೆನಿಸ್ ಬಾಲಿನ ಅಡ್ಡಳತೆ 65 ಮಿ.ಮೀ. ಚಿಲ್ಲರೆ, ಬಲೆಯ ಕಣ್ಣು 45 ಮಿ.ಮೀ. ಮೀರದಿರಲಿ. ಉದ್ದದಲ್ಲಿ ನೂರಕ್ಕೆ ಹತ್ತರಷ್ಟು ಜಾಸ್ತಿ ಕೊಂಡು ಸಡಿಲವಾಗಿ ಇಳಿಬಿಡಿ. ಬಿಗಿಯಾಗಿ ಎಳೆದ ಬಲೆ ಬಾಲನ್ನು ರಭಸವಾಗಿ ವಾಪಸ್ಸು ಎಸೆಯುತ್ತದೆ, ಬೇಗ ಹರಿಯುತ್ತದೆ. ಮೇಲಿನ ಅಂಚಿಗೆ 4 ಮಿ.ಮೀ. ಕಬ್ಬಿಣದ ವೈರ್ ರೋಪ್, ಒಂದು ತುದಿಗೆ ಅದನ್ನು ತಿರುಗಿಸಿ ಬಿಗಿ ಮಾಡುವ ಟರ್ನ್ ಬಕಲ್. ಬಲೆಯನ್ನು ರಿಂಗುಗಳಲ್ಲಿ ಪೋಣಿಸಿ ಪರದೆಯಂತೆ ಸರಿಸುವ ಹಾಗೆ ಮಾಡಿ. ಆಟ ಮುಗಿದ ಮೇಲೆ ಒಂದು ಕಡೆಗೆ ಸರಿಸಿ ಕಟ್ಟಿಡಿ. ಹಗಲು ರಾತ್ರಿ ಹರಡಿದ್ದರೆ ಗಿಳಿ, ಬಾವಲಿ ಸಿಕ್ಕಿಹಾಕಿಕೊಳ್ಳುತ್ತವೆ. ಬಲೆಗೆ ತೊಂಡೆ, ಸೀಮೆಬದನೆ ಬಳ್ಳಿ ಹಬ್ಬಲು ಬಿಡಬೇಡಿ: ಬರೀ ಬಲೆಯಲ್ಲಿ ಗಾಳಿ ತೂರಿಹೋಗುತ್ತದೆ, ಬಳ್ಳಿ ತುಂಬಿದ ಬಲೆ ಏಪ್ರಿಲ್ ಮೇ ತಿಂಗಳ ಮಳೆಗಾಳಿಗೆ ಹಾಯಿಯಂತೆ ಉಬ್ಬಿ ಕಂಬವನ್ನೇ ಮಲಗಿಸುತ್ತದೆ.

ಬಾಡಿಗೆ ಮನೆಯವರು ಸರ್ವೆ ಗಳ ನೆಡಬಹುದು. ಬುಡದ ಎರಡೂವರೆ ಅಡಿಗೆ ಟಾರು ಬಳಿಯಿರಿ, ಆಗಲೂ ಗೆದ್ದಲು ಹಿಡಿದಿದೆಯೇ ಅಂತ ಆಗಾಗ ನೋಡುತ್ತಿರಬೇಕು.

ಒಡೆದರೆ

ಅವತ್ತೇ ಹೋಗಿ, ಮಗುವನ್ನೂ ಕರೆದುಕೊಂಡು. ಮೊದಲು ಚೂರು ಗುಡಿಸಿಕೊಡಿ, ಗಾಜು ಹೋದ ಜಾಗಕ್ಕೆ ರಟ್ಟು ಅಂಟಿಸಿ. ಗಾಜಿನ ಅಂಗಡಿಗೆ ಒಡೆದ ಗಾಜಿನದೊಂದು ತುಂಡು ಒಯ್ದರೆ ದಪ್ಪ, ಡಿಸೈನ್ ಎರಡೂ ಸರಿಯಾಗಿ ಸಿಗುತ್ತವೆ. ಚೌಕಟ್ಟಿನ ಒಳ ಅಳತೆಗಿಂತ ಎರಡೂ ಕಡೆ ಸೇರಿ ಮೂರು ಮಿ.ಮೀ. ಕಡಿಮೆ ಕತ್ತರಿಸಿಸಿ, ಮರ ಉಬ್ಬಿದಾಗ ಗಾಜು ಸೀಳುವುದಿಲ್ಲ.

ಮೈಸೂರಿನ ತಾರಸಿಗಳ ಮೇಲೆ ಸೋಲಾರ್ ವಾಟರ್ ಹೀಟರ್ ಇಲ್ಲದ ಬೀದಿ ಅಪರೂಪ. ಅದರ ಗಾಜಿನ ಟ್ಯೂಬ್ ಒಡೆದರೆ ಟ್ಯಾಂಕಿನ ಬಿಸಿನೀರೆಲ್ಲ ಹರಿದುಹೋಗುತ್ತದೆ, ಕೆಳಗೆ ನಿಂತವರಿಗೆ ಸುಡುತ್ತದೆ. ತಕ್ಷಣ ತಣ್ಣೀರು ಬರುವ ವಾಲ್ವ್ ಮುಚ್ಚಬೇಕು. ಟ್ಯೂಬು 58 ಮಿ.ಮೀ. ಇದೆಯೋ 47 ಮಿ.ಮೀ. ಇದೆಯೋ ಅಳೆದು ಅದೇ ಉದ್ದದ್ದು ತನ್ನಿ. ಹಾಕಿಸುವುದು ಬೆಳಿಗ್ಗೆ ಅಥವಾ ಸಂಜೆಯಾಗಲಿ. ನಡುಬಿಸಿಲಲ್ಲಿ ಕಾದ ಖಾಲಿ ಟ್ಯೂಬುಗಳಿಗೆ ತಣ್ಣೀರು ಬಿಟ್ಟರೆ ಚೆನ್ನಾಗಿದ್ದವೂ ಸಿಡಿಯುತ್ತವೆ. ವಿದ್ಯುತ್ ತಯಾರಿಸುವ ಸೋಲಾರ್ ಪ್ಯಾನೆಲ್ ಟೆನಿಸ್ ಬಾಲಿಗೆ ಹೆದರುವುದಿಲ್ಲ, ಲೆದರ್ ಬಾಲಿಗೆ ಬಿರುಕು ಬಿಡಬಹುದು. ಬಿರುಕು ಬಿಟ್ಟ ಪ್ಯಾನೆಲ್ ರಿಪೇರಿಯಾಗುವುದಿಲ್ಲ, ಬದಲಾಯಿಸಬೇಕು.

ಕಾರಿಗೆ ಚಿಕ್ಕ ನೆಗ್ಗು ಬಿದ್ದರೆ ಇನ್ಶೂರೆನ್ಸ್‌ಗೆ ಹೋಗಿ ಅನ್ನಬೇಡಿ. ಕ್ಲೇಮ್ ಮಾಡಿದರೆ ಅವರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ, ಅದು 20ರಿಂದ 50 ಪರ್ಸೆಂಟ್‌ವರೆಗೆ ಇರುತ್ತದೆ. ಗ್ಯಾರೇಜಿನ ಬಿಲ್ ನೀವೇ ಕೊಡುವುದು ಇಬ್ಬರಿಗೂ ಲಾಭ.

ಎಂಟು ಮಕ್ಕಳು ಆಡುತ್ತಿದ್ದರೆ ಹೊಡೆದವನ ಮನೆಯವರೇ ಪೂರಾ ಕೊಡಬೇಕು ಅನ್ನುವುದು ಸರಿಯಲ್ಲ, ಬಾಲು ಹಾಕಿದವನೂ ಆಟದಲ್ಲಿದ್ದ. ಯಾರ ಹಿತ್ತಲೋ ಅವರು ಮೊದಲು ಕೊಟ್ಟುಬಿಡಿ, ಆಮೇಲೆ ಮನೆಗಿಷ್ಟು ಅಂತ ಹಂಚಿಕೊಳ್ಳಿ.

ನೀವು ಬಾಲು ಬೀಳುವ ಕಡೆಯವರಾದರೆ

ಬಾಲು ಕೊಯ್ದು ಎಸೆಯಬೇಡಿ. ನಿಮ್ಮ ಹಿತ್ತಲಿಗೆ ಬಂದರೂ ಬಾಲು ಅವರದ್ದೇ. ಹಾಗೆಯೇ ಅದಕ್ಕಾಗಿ ಅಪ್ಪಣೆಯಿಲ್ಲದೆ ಒಳಗೆ ಬರುವ ಹಕ್ಕು ಅವರಿಗಿಲ್ಲ. ದಿನಾಂಕ, ಹೊತ್ತು, ಎಲ್ಲಿ ಬಿತ್ತು, ಏನಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಫೋಟೋ ತೆಗೆದಿಡಿ. ‘ಯಾವಾಗಲೂ’ ಅನ್ನುವುದಕ್ಕಿಂತ ‘ಈ ತಿಂಗಳು 11 ಸಲ’ ಅನ್ನುವುದು ಕೆಲಸ ಮಾಡುತ್ತದೆ. ಮಾತು ಅಪ್ಪ ಅಮ್ಮನ ಹತ್ತಿರ, ಆಟ ನಡೆಯದ ಹೊತ್ತಿನಲ್ಲಿ. ಮಂಡ್ಯದ ಕಡೆ “ಅಣ್ಣ, ಬಾಲು ದಿನಾ ಬತ್ತದೆ, ಮೊನ್ನೆ ಹೆಂಚು ಹೋಯ್ತು. ಒಸಿ ಕೂತ್ಕಂಡು ಏನಾದ್ರೂ ದಾರಿ ಮಾಡಾನ” ಅಂದರೆ ಮುಖ ತಿರುಗಿಸುವವರು ಕಡಿಮೆ.

ಎಷ್ಟು ಸಲ ಅನ್ನುವುದು ಕಾನೂನಿನಲ್ಲೂ ತೂಗುತ್ತದೆ. ಇಂಗ್ಲೆಂಡಿನ ಬೋಲ್ಟನ್ ವಿರುದ್ಧ ಸ್ಟೋನ್ ಪ್ರಕರಣದಲ್ಲಿ ಸುಮಾರು ಮೂವತ್ತು ವರ್ಷಗಳಲ್ಲಿ ಆರೇ ಸಲ ಬಾಲು ಮೈದಾನ ದಾಟಿತ್ತು. ರಸ್ತೆಯಲ್ಲಿದ್ದ ಹೆಂಗಸಿಗೆ ಪೆಟ್ಟು ಬಿದ್ದರೂ ಕ್ಲಬ್ಬಿನದು ಅಜಾಗರೂಕತೆಯಲ್ಲ ಅಂತ 1951ರಲ್ಲಿ ತೀರ್ಪಾಯಿತು. 1977ರ ಮಿಲ್ಲರ್ ವಿರುದ್ಧ ಜ್ಯಾಕ್ಸನ್‌ನಲ್ಲಿ ಮನೆಯೊಂದಕ್ಕೆ ಮತ್ತೆ ಮತ್ತೆ ಬಾಲು ಬೀಳುತ್ತಿತ್ತು. ಅಲ್ಲಿ ಕ್ಲಬ್ಬು ಪರಿಹಾರ ಕೊಡಬೇಕಾಯಿತು, ಆದರೂ ಆಟ ನಿಲ್ಲಿಸಲು ಕೋರ್ಟು ಒಪ್ಪಲಿಲ್ಲ. ಇವು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಯೋಚಿಸುವ ದಾರಿ ಇಲ್ಲೂ ಅದೇ. ಪದೇ ಪದೇ ಆಗುತ್ತಿದೆ ಅಂತ ತಿಳಿಸಿದ ಮೇಲೂ ಸುಮ್ಮನಿದ್ದವರ ಮೇಲೆ ಹೊಣೆ ಗಟ್ಟಿಯಾಗುತ್ತದೆ.

ಮಾತಿನಲ್ಲಿ ಬಗೆಹರಿಯದಿದ್ದರೆ ಬಡಾವಣೆಯ ನಿವಾಸಿಗಳ ಸಂಘಕ್ಕೆ ಬರವಣಿಗೆಯಲ್ಲಿ ಕೊಡಿ. ಅದೂ ಆಗದಿದ್ದರೆ ಕೋರ್ಟ್ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿದರೆ, ಕೇಸು ಹಾಕುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ರಾಜಿಗೆ ಕೂರಿಸುತ್ತಾರೆ. ಇಬ್ಬರೂ ಒಪ್ಪಿ ಸಹಿ ಹಾಕಿದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅಪೀಲಿಲ್ಲ. ಸಹಾಯವಾಣಿ 15100. ಪೊಲೀಸರ 112 ಬೇಕಾಗುವುದು ಬೆದರಿಕೆ, ಕಲ್ಲು, ಕೈಮಾಡುವುದು ಬಂದಾಗ. ದೊಡ್ಡವರು ಮಗುವಿನ ಮೇಲೆ ಕೈಮಾಡಿದರೆ 1098.

ಹಿತ್ತಲು ಸಾಲದ ಹುಡುಗರಿಗೆ

ದೊಡ್ಡ ಹುಡುಗರಿಗೆ ಪಾರ್ಕು ದಾರಿಯಲ್ಲ, ಅಲ್ಲಿ ನಡೆದಾಡುವ ವೃದ್ಧರಿರುತ್ತಾರೆ. ಹತ್ತಿರದ ಸರ್ಕಾರಿ ಶಾಲೆಯ ಮೈದಾನ ಕೇಳಿ. ಮುಖ್ಯ ಶಿಕ್ಷಕರಿಗೆ ಅರ್ಜಿ ಬರೆಯುವಾಗ ನಾಲ್ಕು ವಿಷಯ ಸ್ಪಷ್ಟವಾಗಿರಲಿ: ಯಾವ ದಿನ, ಎಷ್ಟರಿಂದ ಎಷ್ಟು ಗಂಟೆ, ಎಷ್ಟು ಹುಡುಗರು, ಜೊತೆಗೆ ನಿಲ್ಲುವ ದೊಡ್ಡವರು ಯಾರು. ಕೊಠಡಿಯ ಹೆಂಚೋ ಗಾಜೋ ಒಡೆದರೆ ನಾವೇ ಹಾಕಿಸಿಕೊಡುತ್ತೇವೆ ಅನ್ನುವ ಸಾಲನ್ನು ಮೊದಲೇ ಬರೆಯಿರಿ, ಕೆಳಗೆ ಕನಿಷ್ಠ ಮೂವರು ಪೋಷಕರ ಸಹಿ ಮತ್ತು ಫೋನ್ ನಂಬರ್ ಇರಲಿ. ಒಂದು ಪ್ರತಿಯನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೂ ಕೊಡಿ, ಗೇಟಿನ ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವುದನ್ನು ಅಲ್ಲೇ ಕೇಳಿ ಬರೆದುಕೊಂಡು ಬನ್ನಿ.